ಅಜ್ಜ ಯೂನಿಯನ್ ಮೆಂಬರ್ ಆಗಿರಲಿಲ್ಲ: ಒಂದು ಮಕ್ಕಳ ಚಿತ್ರಪುಸ್ತಕದ ಚರಿತ್ರೆ

ಪೋಸ್ಟು ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಕ್ಯಾಸಿ ಅಂತ ಎಂಟು ವರ್ಷದ ಹುಡುಗಿ. ಊರು ನ್ಯೂಯಾರ್ಕಿನ ಹಾರ್ಲೆಮ್, ಕಪ್ಪುಜನರ ಕೇರಿ. 1939ರ ಬೇಸಿಗೆ. ಮನೆಯೊಳಗೆ ಸೆಕೆ ತಡೆಯಲಾಗದೆ ಎಲ್ಲರೂ ಮಾಳಿಗೆ ಹತ್ತಿದ್ದಾರೆ. ಮಾಳಿಗೆಗೆ ಡಾಂಬರು ಬಳಿದಿದೆ. ಸಮುದ್ರದ ದಂಡೆಗೆ ಹೋಗಲು ಕಾಸಿಲ್ಲದವರಿಗೆ ಅದೇ ಬೀಚು. ಅಪ್ಪ, ಅಮ್ಮ, ಪಕ್ಕದ ಮನೆಯವರು ಇಸ್ಪೀಟು ಆಡ್ತಿದ್ದಾರೆ. ಕ್ಯಾಸಿ ಮತ್ತು ತಮ್ಮ ಬೀಬೀ ಹಾಸಿಗೆ ಮೇಲೆ ಮಲಗಿ ನಕ್ಷತ್ರ ನೋಡ್ತಿದ್ದಾರೆ. ನೋಡ್ತಾ ನೋಡ್ತಾ ಕ್ಯಾಸಿ ಮೇಲೆದ್ದು ಹಾರಿಬಿಡ್ತಾಳೆ. ಜಾರ್ಜ್ ವಾಷಿಂಗ್ಟನ್ ಸೇತುವೆ ಮೇಲೆ ಹಾರ್ತಾಳೆ, ಅದರ ದೀಪಗಳನ್ನು ವಜ್ರದ ಸರದ ಹಾಗೆ ಕೊರಳಿಗೆ ಹಾಕ್ಕೊಳ್ಳಬಹುದು ಅಂತಾಳೆ. ಹಾರಿ ದಾಟಿದ್ದೆಲ್ಲ ಅವಳದೇ. ಸೇತುವೆ ಅವಳದು. ಐಸ್‌ಕ್ರೀಮ್ ಫ್ಯಾಕ್ಟರಿ ಅವಳದು. ಆಮೇಲೆ ಒಂದು ಕಟ್ಟಡದ ಮೇಲೆ ಹಾರಿ ಅದನ್ನು ಅಪ್ಪನಿಗೆ ಕೊಡ್ತಾಳೆ. ಅದು ಕಾರ್ಮಿಕರ ಯೂನಿಯನ್ನಿನ ಹೊಸ ಕಟ್ಟಡ.

ಪುಸ್ತಕದ ಹೆಸರು 'ಟಾರ್ ಬೀಚ್'. ಬಂದದ್ದು 1991ರಲ್ಲಿ. ಬರೆದು ಚಿತ್ರ ಬಿಡಿಸಿದವರು ಫೇಯ್ತ್ ರಿಂಗೋಲ್ಡ್. ಮುದ್ದಾದ ಮಕ್ಕಳ ಪುಸ್ತಕ ಅಂತ ಕೊಂಡವರೇ ಹೆಚ್ಚು. ಆದರೆ ಅದರೊಳಗೆ ಒಂದು ಸಣ್ಣ ಮಾತಿದೆ, ನಾವು ಓದಿದರೆ ಅಲ್ಲೇ ನಿಂತುಬಿಡ್ತೀವಿ. ಕ್ಯಾಸಿಯ ಅಪ್ಪ ಆ ಸೇತುವೆ ಕಟ್ಟುವಾಗ ಕೇಬಲ್ ಎತ್ತಿದವನು. ಈಗ ಯೂನಿಯನ್ ಕಟ್ಟಡದ ಉಕ್ಕಿನ ತೊಲೆಗಳ ಮೇಲೆ ಆಕಾಶದಲ್ಲಿ ನಡೆದಾಡುವವನು. ಆದರೆ ಅವನು ಆ ಯೂನಿಯನ್ನಿಗೆ ಸೇರುವಂತಿಲ್ಲ. ಯಾಕಂದ್ರೆ ಕ್ಯಾಸಿಯ ಅಜ್ಜ ಅದರಲ್ಲಿ ಮೆಂಬರ್ ಆಗಿರಲಿಲ್ಲ.

ಇದನ್ನು ಓದಿ ನಮ್ಮಲ್ಲಿ ಯಾರಿಗಾದರೂ ವಿವರಣೆ ಬೇಕಾ? ಕೆಲಸ ನಿನ್ನದು, ಹಕ್ಕು ಮಾತ್ರ ನಿನ್ನ ಅಜ್ಜನ ಲೆಕ್ಕದ್ದು. ಕಟ್ಟುವವನು ನೀನು, ಒಳಗೆ ಕೂರುವವನು ಇನ್ನೊಬ್ಬ. ಗುಡಿ ಕಟ್ಟಿದವರ ಮಕ್ಕಳು ಗುಡಿಯ ಹೊರಗೆ ನಿಲ್ಲುವ ದೇಶದವರು ನಾವು.

ಇದು ಕಥೆಗಾರ್ತಿ ಕಟ್ಟಿದ ಕಲ್ಪನೆ ಅಂದ್ಕೋಬೇಡಿ. ಅಮೆರಿಕದ ಕಟ್ಟಡ ಕೆಲಸದ ಎಷ್ಟೋ ಯೂನಿಯನ್‌ಗಳಲ್ಲಿ ಮೆಂಬರ್‌ಗಳ ಮಗ, ಅಳಿಯ, ತಮ್ಮನಿಗೇ ಕೆಲಸ ಕಲಿಯುವ ಅವಕಾಶ ಸಿಗ್ತಿತ್ತು. ಕಪ್ಪುಜನರಿಗೆ ಪ್ರವೇಶವಿಲ್ಲ ಅಂತ ಬೋರ್ಡು ಹಾಕುವ ಅಗತ್ಯವೇ ಇರಲಿಲ್ಲ, ರಕ್ತಸಂಬಂಧ ಕೇಳಿದರೆ ಸಾಕಿತ್ತು. ನ್ಯೂಯಾರ್ಕಿನಲ್ಲೇ ತಗಡು ಕೆಲಸಗಾರರ ಯೂನಿಯನ್, ಲೋಕಲ್ 28, ಇದೇ ದಾರಿಯಲ್ಲಿ ಕಪ್ಪುಜನರನ್ನು ಹೊರಗಿಟ್ಟಿದೆ ಅಂತ ರಾಜ್ಯದ ಮಾನವ ಹಕ್ಕುಗಳ ಆಯೋಗ 1964ರಲ್ಲಿ ಹೇಳಿತು. ಆಮೇಲೂ ಬಾಗಿಲು ತೆಗೆಯಲಿಲ್ಲ. ಕೇಸು ಎಳೆದೂ ಎಳೆದೂ 1986ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಶೇ. 29ರಷ್ಟು ಬಿಳಿಯರಲ್ಲದ ಸದಸ್ಯರ ಗುರಿಯನ್ನು ಎತ್ತಿಹಿಡಿಯಿತು. ಅಂದ್ರೆ ಒಂಥರಾ ಮೀಸಲಾತಿ. ರಿಂಗೋಲ್ಡ್ ಈ ಹುಡುಗಿಯ ಕಥೆಯನ್ನು ಮೊದಲು ಮಾಡಿದ್ದು 1988ರಲ್ಲಿ, ಆ ತೀರ್ಪು ಬಂದ ಎರಡೇ ವರ್ಷಕ್ಕೆ.

ಅಜ್ಜನ ಲೆಕ್ಕ ಅಲ್ಲಿ ಇನ್ನೂ ಹಳೆಯದು. 1898ರಲ್ಲಿ ಲೂಯಿಸಿಯಾನ ರಾಜ್ಯ ಒಂದು ಷರತ್ತು ತಂದಿತ್ತು. 1867ಕ್ಕೆ ಮುಂಚೆ ನಿನ್ನ ಅಪ್ಪನಿಗೋ ಅಜ್ಜನಿಗೋ ಓಟಿದ್ದರೆ ನಿನಗೆ ಓದುಬರಹದ ಪರೀಕ್ಷೆ, ಆಸ್ತಿಯ ಪುರಾವೆ ಯಾವುದೂ ಬೇಡ. ಗುಲಾಮನಾಗಿದ್ದವನಿಗೆ ಓಟು ಎಲ್ಲಿಂದ ಬರಬೇಕು? ಸುಪ್ರೀಂ ಕೋರ್ಟು ಇಂಥ ಷರತ್ತನ್ನು ಹೊಡೆದುಹಾಕಿದ್ದು 1915ರಲ್ಲಿ. ಆಗ ಬಾಬಾಸಾಹೇಬರು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದ್ತಿದ್ದರು, ಹಾರ್ಲೆಮ್ಮಿನ ಮಗ್ಗುಲಲ್ಲೇ. ಮುಂದೆ 1936ರಲ್ಲಿ 'ಜಾತಿ ವಿನಾಶ' ಬರೆದಾಗ, ಜಾತಿ ಅನ್ನೋದು ಕೆಲಸವನ್ನಷ್ಟೇ ಅಲ್ಲ, ಕೆಲಸಗಾರರನ್ನೇ ಒಡೆಯುತ್ತದೆ ಅಂತ ತೋರಿಸಿದರು. ಮುಂಬೈ ಗಿರಣಿಗಳ ನೇಯ್ಗೆ ವಿಭಾಗಕ್ಕೆ ನಮ್ಮವರನ್ನು ಸೇರಿಸ್ತಿರಲಿಲ್ಲ. ಲಾಳಿಗೆ ನೂಲು ಸೇರಿಸಲು ಬಾಯಿ ಹಚ್ಚಬೇಕು, ಎಂಜಲಾಗುತ್ತೆ ಅಂತ. ಕೆಂಪು ಬಾವುಟದ ಯೂನಿಯನ್‌ಗಳು ಇದನ್ನು ಕಂಡೂ ಕಾಣದಂತೆ ಇದ್ದವು ಅನ್ನೋದು ಬಾಬಾಸಾಹೇಬರ ಸಿಟ್ಟು.

ಈಗ ಚಿತ್ರಗಳಿಗೆ ಬರೋಣ. ನನಗೆ ಈ ಹೆಣ್ಣುಮಗಳು ಬಹಳ ದೊಡ್ಡವಳು ಅನ್ನಿಸೋದು ಇಲ್ಲಿ. 'ಟಾರ್ ಬೀಚ್' ಮೊದಲು ಪುಸ್ತಕವೇ ಅಲ್ಲ, ಕೌದಿ! ಹೌದು, ನಮ್ಮ ಅವ್ವ, ಆಯಿ ಹಳೇ ಸೀರೆ, ಧೋತರದ ಚೂರು ಜೋಡಿಸಿ ಹೊಲಿಯುವ ಅದೇ ಕೌದಿ. ನಡುವೆ ಚಿತ್ರ, ಸುತ್ತ ಹೂವಿನ ಬಟ್ಟೆಯ ತುಂಡುಗಳ ಅಂಚು, ಮೇಲೂ ಕೆಳಗೂ ಬಟ್ಟೆಯ ಮೇಲೆ ಬರೆದ ಕಥೆ. ಪುಸ್ತಕ ಮಾಡುವಾಗ ಚಿತ್ರಗಳನ್ನು ಹೊಸದಾಗಿ ಬಿಡಿಸಿದರು, ಆದರೆ ಪುಟಪುಟದ ಕೆಳಗೆ ಆ ಕೌದಿಯ ಅಂಚನ್ನು ಉಳಿಸಿಕೊಂಡರು. ಮಗು ಪುಟ ತಿರುವಿದಾಗೆಲ್ಲ ಕೈಗೆ ಸಿಗೋದು ಅಜ್ಜಿಯ ಹೊಲಿಗೆ.

ಆ ಹೊಲಿಗೆ ನಿಜಕ್ಕೂ ಪೂರ್ವಜರದೇ. ರಿಂಗೋಲ್ಡ್ ಅವರ ಮುತ್ತಜ್ಜಿಯ ತಾಯಿ ಗುಲಾಮಳಾಗಿದ್ದು ಕೌದಿ ಹೊಲೀತಿದ್ದಳು. ತಾಯಿ ವಿಲ್ಲಿ ಪೋಸಿ ಹಾರ್ಲೆಮ್ಮಿನಲ್ಲಿ ಬಟ್ಟೆ ವಿನ್ಯಾಸ ಮಾಡ್ತಿದ್ದವರು. ಮಗಳಿಗೆ ಚಿಕ್ಕಂದಿನಲ್ಲಿ ಉಬ್ಬಸ, ಶಾಲೆಗೆ ಹೋಗಲಾಗದ ದಿನಗಳಲ್ಲಿ ಬಣ್ಣ, ಬಟ್ಟೆ ಕೊಟ್ಟು ಕೂರಿಸ್ತಿದ್ದರು. ತಾಯಿ ಮಗಳು ಸೇರಿ ಮೊದಲ ಕೌದಿ ಮಾಡಿದ್ದು 1980ರಲ್ಲಿ. ಮರುವರ್ಷ ತಾಯಿ ತೀರಿಕೊಂಡರು.

ಕೌದಿಯ ಮೇಲೆ ಕಥೆ ಬರೆದದ್ದಕ್ಕೂ ಒಂದು ಕಾರಣ ಇದೆ. ತಮ್ಮ ಆತ್ಮಕಥೆಗೆ ಪ್ರಕಾಶಕರು ಸಿಗಲಿಲ್ಲ. ಸರಿ, ಬಟ್ಟೆಯ ಮೇಲೇ ಬರೀತೀನಿ, ಚಿತ್ರ ತೂಗುಹಾಕಿದ ಕಡೆಯೆಲ್ಲ ಕಥೆಯೂ ಹೋಗುತ್ತೆ, ಯಾವ ಪ್ರಕಾಶಕನ ಅಪ್ಪಣೆಯೂ ಬೇಡ ಅಂತ 1983ರಿಂದ ಶುರು ಮಾಡಿದರು. ಬಟ್ಟೆಯ ಚಿತ್ರವನ್ನು ಸುರುಳಿ ಸುತ್ತಿ ಹೆಣ್ಣೊಬ್ಬಳೇ ಎತ್ತಿಕೊಂಡು ಹೋಗಬಹುದು ಅನ್ನೋದು ಇನ್ನೊಂದು ಲಾಭ. ಆ ಉಪಾಯ ಹೊಳೆದದ್ದು 1972ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಮ್ಯೂಸಿಯಮ್ಮಿನಲ್ಲಿ ಬೌದ್ಧರ ಥಂಕಾ ಚಿತ್ರಗಳನ್ನು ನೋಡಿದಾಗ. ಬುದ್ಧನ ಬಟ್ಟೆ ಹಾರ್ಲೆಮ್ಮಿಗೂ ಹೋಗಿದೆ ನೋಡಿ!

ನಮ್ಮ ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಣ್ಣುಮಕ್ಕಳೂ ಇಂಥದ್ದೇ ಹೊಲೀತಾರೆ. ಅವರೂ ಆಫ್ರಿಕಾದಿಂದ ಬಂದವರ ಸಂತಾನ, ಎಷ್ಟೋ ಜನರ ಹಿರಿಯರು ಗುಲಾಮರಾಗಿದ್ದವರು. ಅವರ ಕೌದಿಯ ಮೂಲೆಗಳಲ್ಲಿ ಬಟ್ಟೆ ಮಡಿಚಿ ಮಾಡಿದ 'ಫೂಲ' ಇರಲೇಬೇಕು. ಅದಿಲ್ಲದ ಕೌದಿ ಬೆತ್ತಲೆ ಅಂತಾರೆ. ಅದನ್ನು ನಾವು 'ಕರಕುಶಲ' ಅಂತ ಕರೆದು ಮೇಳದಲ್ಲಿ ಚೌಕಾಸಿ ಮಾಡ್ತೀವಿ. ರಿಂಗೋಲ್ಡ್ ಕೌದಿ ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಮ್ಮಿನಲ್ಲಿದೆ.

ಹಾಗಂತ ಮ್ಯೂಸಿಯಮ್ಮುಗಳೇನೂ ಕರೆದು ಮಣೆ ಹಾಕಲಿಲ್ಲ. 1970ರಲ್ಲಿ ವಿಟ್ನಿ ಮ್ಯೂಸಿಯಮ್ಮಿನ ಪ್ರದರ್ಶನದಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿರಬೇಕು ಅಂತ ಧರಣಿ ಮಾಡಿದವರಲ್ಲಿ ಈಕೆ ಮುಂದಿದ್ದರು. ಅದೇ ವರ್ಷ ಚರ್ಚೊಂದರಲ್ಲಿ ಬಾವುಟದ ಚಿತ್ರಗಳ ಪ್ರದರ್ಶನ ನಡೆಸಿದ್ದಕ್ಕೆ ಪೊಲೀಸರು ಹಿಡಿದುಕೊಂಡು ಹೋದರು. ಇಷ್ಟರ ನಡುವೆ 1955ರಿಂದ 1973ರವರೆಗೆ ಸರ್ಕಾರಿ ಶಾಲೆಗಳಲ್ಲಿ ಚಿತ್ರಕಲೆ ಟೀಚರ್. ಮಗುವಿನ ಕಣ್ಣು ಎಲ್ಲಿ ನಿಲ್ಲುತ್ತೆ ಅಂತ ಕಲಿತದ್ದು ಅಲ್ಲೇ ಇರಬೇಕು.

ಆ ಮಕ್ಕಳ ಕೈಯಲ್ಲಿ ಆಗ ಯಾವ ಪುಸ್ತಕ ಇದ್ದವು? 1965ರಲ್ಲಿ ನ್ಯಾನ್ಸಿ ಲ್ಯಾರಿಕ್ ಅನ್ನುವವರು ಎಣಿಸಿ ನೋಡಿದರು. ಹಿಂದಿನ ಮೂರು ವರ್ಷದಲ್ಲಿ ಬಂದ 5,206 ಮಕ್ಕಳ ಪುಸ್ತಕಗಳಲ್ಲಿ ಒಬ್ಬನಾದರೂ ಕಪ್ಪು ಮನುಷ್ಯ ಕಾಣಿಸಿದ್ದು 349ರಲ್ಲಿ. ಇದಕ್ಕೂ ಬಹಳ ಮೊದಲೇ, 1920ರಲ್ಲಿ, ಡಬ್ಲ್ಯೂ.ಇ.ಬಿ. ಡು ಬಾಯ್ಸ್ ಕಪ್ಪು ಮಕ್ಕಳಿಗಾಗಿ 'ದಿ ಬ್ರೌನೀಸ್ ಬುಕ್' ಅನ್ನುವ ಪತ್ರಿಕೆ ತಂದಿದ್ದರು. ಎರಡೇ ವರ್ಷ ನಡೀತು. 1946ರಲ್ಲಿ ಬಾಬಾಸಾಹೇಬರು ಪತ್ರ ಬರೆದದ್ದು ಇದೇ ಡು ಬಾಯ್ಸ್‌ಗೆ. ವಿಶ್ವಸಂಸ್ಥೆಗೆ ಕಪ್ಪುಜನ ಕೊಟ್ಟ ಅರ್ಜಿಯ ಪ್ರತಿ ಕಳಿಸಿ ಅಂತ. ಆ ಪತ್ರದ ಬಗ್ಗೆ ನಾವು ಎಷ್ಟು ಮಾತಾಡ್ತೀವಿ, ಆ ಮಕ್ಕಳ ಪತ್ರಿಕೆ ಬಗ್ಗೆ ಯಾಕೆ ಮಾತಾಡಲ್ಲ? ಭಾಷಣ, ಕ್ಯಾಲೆಂಡರು, ಹಾಡು ಎಲ್ಲ ಮಾಡಿದ್ದೀವಿ. ನಮ್ಮ ಕೇರಿಯ ಹುಡುಗಿ ಹಾರುವ ಚಿತ್ರಪುಸ್ತಕ ಎಷ್ಟಿವೆ? ನಮ್ಮ ಮಗು ಪುಸ್ತಕದಲ್ಲಿ ಬಂದರೂ ಅಳುತ್ತಾ ಬರಬೇಕು, ಅವಮಾನ ಆಗಿಯೇ ಬರಬೇಕು ಅನ್ನೋ ಹಾಗಾಗಿದೆ. ಕ್ಯಾಸಿಯ ಮನೆಯಲ್ಲೂ ದುಃಖ ಇದೆ, ಅಪ್ಪ ಕೆಲಸ ಹುಡುಕಲು ಹೋಗಿ ಮನೆಗೆ ಬಾರದಿದ್ದಾಗ ಅಮ್ಮ ಅಳ್ತಾಳೆ. ಆದರೂ ಆ ಹುಡುಗಿಗೆ ದಿನಾ ರಾತ್ರಿ ಐಸ್‌ಕ್ರೀಮ್ ಬೇಕು, ಕಟ್ಟಡ ಬೇಕು, ಆಕಾಶ ಬೇಕು.

ಹಾರುವುದು ಕೂಡ ಸುಮ್ಮನೆ ಬಂದದ್ದಲ್ಲ. ಗುಲಾಮರು ಹೊಲದಲ್ಲಿ ಕೆಲಸ ಮಾಡ್ತಾ ಮಾಡ್ತಾ ಒಂದು ದಿನ ಮೇಲೆದ್ದು ಆಫ್ರಿಕಾಕ್ಕೆ ಹಾರಿಹೋದರು ಅನ್ನುವ ಕಥೆ ಕಪ್ಪುಜನರ ಬಾಯಲ್ಲಿ ತಲೆಮಾರುಗಳಿಂದ ಇತ್ತು. ರಿಂಗೋಲ್ಡ್ ಆ ಕಥೆಗೆ ಹಾರ್ಲೆಮ್ಮಿನ ಮಾಳಿಗೆ ಕೊಟ್ಟರು. ಅವರ ಕ್ಯಾಸಿ ತಪ್ಪಿಸಿಕೊಂಡು ಹೋಗಲ್ಲ, ಊರಿನ ಮೇಲೇ ಸುತ್ತು ಹಾಕಿ ತನ್ನದು ಅಂತ ಗುರುತು ಹಾಕ್ತಾಳೆ. ಮರುವರ್ಷ, 1992ರಲ್ಲಿ, ಬಂದ ಪುಸ್ತಕದಲ್ಲಿ ಅದೇ ಅಕ್ಕ ತಮ್ಮ ಆಕಾಶದಲ್ಲಿ ಹ್ಯಾರಿಯೆಟ್ ಟಬ್‌ಮನ್ ನಡೆಸುವ ರೈಲನ್ನು ಕಾಣ್ತಾರೆ.

ಅದೇ 1992ರಲ್ಲಿ ರಿಂಗೋಲ್ಡ್ ಹಾರ್ಲೆಮ್ ಬಿಟ್ಟು, ಕ್ಯಾಸಿ ಹಾರಿದ ಸೇತುವೆಯ ಆಚೆ, ನ್ಯೂಜೆರ್ಸಿಯ ಎಂಗಲ್‌ವುಡ್‌ನಲ್ಲಿ ಮನೆ ಮಾಡಿದರು. ರಸ್ತೆಯ ಹೆಸರು ಜೋನ್ಸ್ ರೋಡ್. ಅವರ ತವರಿನ ಹೆಸರೂ ಜೋನ್ಸ್. ಅಲ್ಲಿ ಸ್ಟುಡಿಯೊ ಕಟ್ಟಲು ಹೊರಟಾಗ ಬಿಳಿಯ ನೆರೆಹೊರೆ ವಿರೋಧ ಮಾಡಿತು. ಪ್ರಶಸ್ತಿ ಬಂದಿತ್ತು, ವಯಸ್ಸು ಅರವತ್ತು ದಾಟಿತ್ತು, ಆದರೂ! ಅವರು ಸ್ಟುಡಿಯೊ ಕಟ್ಟಿದರು. 1999ರಿಂದ 'ಕಮಿಂಗ್ ಟು ಜೋನ್ಸ್ ರೋಡ್' ಅನ್ನುವ ಕೌದಿ ಸರಣಿ ಶುರು ಮಾಡಿದರು. ಅದರಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡವರು ಕತ್ತಲ ಕಾಡಿನಲ್ಲಿ ನಡೀತಾ ನಡೀತಾ ಅದೇ ಜೋನ್ಸ್ ರೋಡಿಗೆ ಬರ್ತಾರೆ. 2024ರ ಏಪ್ರಿಲ್ 13ರಂದು, 93ನೇ ವಯಸ್ಸಿನಲ್ಲಿ, ರಿಂಗೋಲ್ಡ್ ತೀರಿಕೊಂಡದ್ದು ಎಂಗಲ್‌ವುಡ್‌ನ ಅದೇ ಮನೆಯಲ್ಲಿ.