ಅಡಿಕೆಯಂಗಳದಲ್ಲಿ ಗುಣದ ಅಳತೆ

ಕೆಲಸದ ಗುಣವನ್ನು ಅಳೆಯುವುದು ದೊಡ್ಡ ಕಾರ್ಖಾನೆಗಳಲ್ಲಿ ಹುಟ್ಟಿದ ವಿದ್ಯೆಯೆಂದು ನಾವು ತಿಳಿಯುವುದುಂಟು. ಆದರೆ ನಮ್ಮ ಬೆಳ್ಳೂರಿನ ಅಡಿಕೆಯಂಗಳಗಳೂ ಒಂದು ಬಗೆಯ ಕಾರ್ಯಾಗಾರಗಳೇ ಆಗಿವೆ. ಹಣ್ಣಡಿಕೆಯು ಸುಮಾರು 40 ದಿನ ಬಿಸಿಲಿನಲ್ಲಿ ಒಣಗಿ, ಸುಲಿಯಲ್ಪಟ್ಟು, ಚಾಲಿಯಾಗಿ ಗೋಣಿ ಸೇರುವ ಮೊದಲು ಹಲವರ ಕೈಗಳನ್ನು ದಾಟುತ್ತದೆ. ಒಳ್ಳೆಯದನ್ನು ಒಂದೆಡೆಗೂ, ಪಟೋರ, ಉಳ್ಳಿಗಡ್ಡೆ, ಕರಿಗೋಟುಗಳನ್ನು ಬೇರೆಡೆಗೂ ಆರಿಸಿಡುತ್ತಾರೆ. ಈ ಹೆಸರುಗಳೇ ಇಲ್ಲಿಯ ಅಳತೆಗೋಲು.

ಆ ಅಳತೆಗೋಲು ಯಾರ ಕೈಯಲ್ಲಿರಬೇಕೆಂಬುದೇ ಇತಿಹಾಸದ ಪ್ರಶ್ನೆ. ಹಿಂದೆ ದರ್ಜೆಯನ್ನೂ ಧಾರಣೆಯನ್ನೂ ವ್ಯಾಪಾರಿಯೇ ಹೇಳುತ್ತಿದ್ದನು, ಬೆಳೆದವನು ಕೇಳುತ್ತಿದ್ದನು. 1970ರ ದಶಕದ ಆರಂಭದಲ್ಲಿ ಧಾರಣೆ ಕುಸಿದಾಗ ಈ ಪರಾಧೀನತೆಯ ಕಹಿ ಮನೆಮನೆಗೂ ತಿಳಿಯಿತು. ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರ ಜುಲೈ 11ರಂದು ಕ್ಯಾಂಪ್ಕೋ ಸಹಕಾರಿ ಸಂಸ್ಥೆ ಮಂಗಳೂರಿನಲ್ಲಿ ಸ್ಥಾಪಿತವಾಯಿತು. 1956ರಲ್ಲಿ ರಾಜ್ಯದ ಗಡಿ ಬೇರ್ಪಡಿಸಿದ್ದ ಕರ್ನಾಟಕ ಮತ್ತು ಕೇರಳದ ಬೆಳೆಗಾರರನ್ನು ಅದು ಒಂದೇ ತಕ್ಕಡಿಯ ಮುಂದೆ ನಿಲ್ಲಿಸಿತು. ದರ್ಜೆಯನ್ನು ನಿರ್ಣಯಿಸುವ ಸಂಸ್ಥೆಯಲ್ಲಿ ಬೆಳೆಗಾರನೇ ಸದಸ್ಯನಾದನು.

ಆದರೂ ಕೊನೆಯಲ್ಲಿ ಆರಿಸುವುದಷ್ಟೇ ಗುಣದ ಸಂಸ್ಕೃತಿಯಲ್ಲ. 1924ರಲ್ಲಿ ಅಮೆರಿಕದ ಶೆವಾರ್ಟ್ ನಿಯಂತ್ರಣ ನಕ್ಷೆಯನ್ನು ರಚಿಸಿದರು. 1950ರಲ್ಲಿ ಡೆಮಿಂಗ್ ಜಪಾನಿನ ಉದ್ಯಮಿಗಳಿಗೆ ಆ ವಿಚಾರವನ್ನು ಬೋಧಿಸಿದರು. ದೋಷವನ್ನು ಎಣಿಸಿ ಬದಿಗಿಡುವುದಕ್ಕಿಂತ ಅದು ಹುಟ್ಟಿದ ಸ್ಥಳವನ್ನು ಹುಡುಕಬೇಕೆಂಬುದು ಅದರ ಸಾರ. ನಮ್ಮ ಗೋಣಿಯಲ್ಲಿ ಕರಿಗೋಟು ಹೆಚ್ಚಿತೆಂದರೆ ಆರಿಸಿದವರನ್ನು ಗದರಿಸಿ ಫಲವಿಲ್ಲ. ಮಹಾಳಿಗೆ ಬೋರ್ಡೋ ದ್ರಾವಣವನ್ನು ಸಕಾಲದಲ್ಲಿ ಸಿಂಪಡಿಸಿದೆವೆ? ಎಳೆಯ ಗೊನೆಯನ್ನು ಕೊಯ್ದೆವೆ? ಒಣಗುತ್ತಿದ್ದ ಅಡಿಕೆಗೆ ಮಳೆ ತಾಗಿತೆ? ಹೀಗೆ ವರ್ಷವರ್ಷವೂ ಕೇಳಿ ಬರೆದಿಟ್ಟರೆ ಆ ಪುಸ್ತಕವೇ ನಮ್ಮ ನಿಯಂತ್ರಣ ನಕ್ಷೆಯಾದೀತು.

ಇನ್ನೊಂದು ಮಾತನ್ನು ಮರೆಯಲಾಗದು. ಸುಲಿಯುವವರಿಗೆ ಕೂಲಿ ಸಲ್ಲುವುದು ಸುಲಿದಷ್ಟಕ್ಕೆ. ವೇಗಕ್ಕೆ ಹಣ, ಗುಣಕ್ಕೆ ಬರಿಯ ಉಪದೇಶ ಎಂದಾದರೆ ಉಪದೇಶವೇ ಸೋಲುತ್ತದೆ. ಬೆಳೆಗಾರನು ವ್ಯಾಪಾರಿಯಿಂದ ಬಯಸಿದ ನ್ಯಾಯವನ್ನು ತನ್ನ ಅಂಗಳದ ಕೆಲಸಗಾರನಿಗೂ ಸಲ್ಲಿಸಬೇಕಷ್ಟೆ? ಅಳತೆಯ ಅರ್ಥ ಅಳೆಯಲ್ಪಡುವವನಿಗೂ ತಿಳಿದು, ಅದರ ಲಾಭದಲ್ಲಿ ಅವನಿಗೂ ಪಾಲು ದೊರೆತಾಗಲೇ ಗುಣವು ಸಂಸ್ಕೃತಿಯೆನಿಸುವುದು.