ಒಡಲಿನ ಮರುದನಿ

ಹೆಣ್ಣುಮಗಳೊಬ್ಬಳು ಕಿಬ್ಬೊಟ್ಟೆಯನ್ನು ಹಿಡಿದುಕೊಂಡು ನರಳುತ್ತ ಬಂದಾಗ ವೈದ್ಯನ ಮನಸ್ಸಿನಲ್ಲಿ ಹಲವು ಶಂಕೆಗಳು ಹುಟ್ಟುತ್ತವೆ. ಅಪೆಂಡಿಕ್ಸ್ ಊದಿರಬಹುದು, ಗರ್ಭಕೋಶದ ಹೊರಗೆ ನಿಂತ ಪಿಂಡ ಒಡೆದಿರಬಹುದು, ಅಂಡಾಶಯದ ಗಡ್ಡೆಯೊಂದು ತೊಟ್ಟಿನ ಸಮೇತ ತಿರುಚಿಕೊಂಡಿರಬಹುದು. ಇವುಗಳಲ್ಲಿ ಯಾವುದೆಂದು ನಿರ್ಧರಿಸಲು ಬಹುಕಾಲ ಬೆರಳೇ ಮುಖ್ಯ ಸಾಧನವಾಗಿತ್ತು. ಬೆರಳು ಸೋತಲ್ಲಿ ಹೊಟ್ಟೆಯನ್ನೇ ಕೊಯ್ದು ನೋಡಬೇಕಾಗಿತ್ತು.

ಬೆರಳು ಮೋಸಹೋಗುವುದೂ ಉಂಟು. 1809ರಲ್ಲಿ ಅಮೆರಿಕದ ಕೆಂಟಕಿ ಪ್ರಾಂತದ ಜೇನ್ ಕ್ರಾಫರ್ಡ್ ಎಂಬಾಕೆಯ ಉಬ್ಬಿದ ಹೊಟ್ಟೆಯನ್ನು ಕಂಡು ಎಲ್ಲರೂ ಬಸಿರೆಂದೇ ನಂಬಿದ್ದರು. ಅದು ಅಂಡಾಶಯದ ಗಡ್ಡೆಯೆಂದು ತಿಳಿದವನು ಎಫ್ರೆಯಿಂ ಮೆಕ್‌ಡೊವೆಲ್. ಆಕೆ 60 ಮೈಲಿ ದೂರವನ್ನು ಕುದುರೆಯ ಮೇಲೆ ಸವೆಸಿ ಅವನ ಮನೆಗೆ ಬಂದಳು. ಅರಿವಳಿಕೆಯ ಔಷಧ ಇನ್ನೂ ಬಂದಿರದ ಕಾಲ. ಸುಮಾರು 22 ಪೌಂಡಿನ ಗಡ್ಡೆಯನ್ನು ಹೊರತೆಗೆಸಿಕೊಂಡ ಆ ಧೀರೆ ಮುಂದೆ 30 ವರ್ಷಕ್ಕೂ ಮಿಗಿಲಾಗಿ ಬಾಳಿದಳು. ಚರಿತ್ರೆ ವೈದ್ಯನನ್ನು ಕೊಂಡಾಡುವಷ್ಟು ಆಕೆಯನ್ನು ಕೊಂಡಾಡದಿರುವುದು ನನಗೆ ಸರಿಯೆನಿಸುವುದಿಲ್ಲ.

1895ರಲ್ಲಿ ರಾಂಟ್ಜನ್ ಕಂಡ ಕ್ಷಕಿರಣ ಎಲುಬನ್ನು ತೋರಿಸಿತು, ಮೃದುವಾದ ಅಂಗಗಳನ್ನು ತೋರಿಸಲಾರದಾಯಿತು. ಅಂಡಾಶಯದ ಕೆಲವು ಗಡ್ಡೆಗಳೊಳಗೆ ಹಲ್ಲು ಬೆಳೆದಿರುತ್ತದೆಂಬುದು ವಿಚಿತ್ರವಾದರೂ ನಿಜ. ಅಂಥವು ಮಾತ್ರ ಅದರ ಕಣ್ಣಿಗೆ ಬಿದ್ದವು.

ಮುಂದಿನ ಹೆಜ್ಜೆ ಮೂಡಿದ್ದು ಬಾಯ್ಲರ್ ಕಾರ್ಖಾನೆಯೊಂದರಲ್ಲಿ. ಗ್ಲಾಸ್ಗೋ ನಗರದ ಪ್ರಸೂತಿಶಾಸ್ತ್ರದ ಪ್ರಾಧ್ಯಾಪಕ ಇಯಾನ್ ಡೊನಾಲ್ಡ್ ಯುದ್ಧಕಾಲದಲ್ಲಿ ವಾಯುಪಡೆಯಲ್ಲಿದ್ದವನು. ಮರುದನಿಯಿಂದ ಮರೆಯಲ್ಲಿರುವುದನ್ನು ಹುಡುಕುವ ವಿದ್ಯೆ ಅವನಿಗೆ ಹೊಸದಲ್ಲ. 1955ರ ಜುಲೈನಲ್ಲಿ ಅವನು ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಗಳನ್ನು ಕಾರಿನಲ್ಲಿ ತುಂಬಿಕೊಂಡು ರೆನ್‌ಫ್ರೂ ಊರಿನ ಕಾರ್ಖಾನೆಗೆ ಹೋದ. ಲೋಹದೊಳಗಿನ ಬಿರುಕನ್ನು ಪತ್ತೆಹಚ್ಚುವ ಯಂತ್ರವನ್ನು ಅವುಗಳ ಮೇಲಿಟ್ಟು ಪರೀಕ್ಷಿಸಿದ. ಕಿವಿಗೆ ಕೇಳದಷ್ಟು ಸೂಕ್ಷ್ಮವಾದ ಆ ಶಬ್ದ ಗಟ್ಟಿ ಗಡ್ಡೆಯೊಳಗೆ ಚದುರಿ ಮರಳಿತು. ನೀರು ತುಂಬಿದ ಗಡ್ಡೆಯಲ್ಲಿ ತಡೆಯಿಲ್ಲದೆ ಸಾಗಿ ಆಚೆಯ ಗೋಡೆಗೆ ತಾಗಿ ಬಂದಿತು. ಅವನಿಗೆ ಬೇಕಾಗಿದ್ದ ಭೇದ ಇದೇ. ಟಾಮ್ ಬ್ರೌನ್ ಎಂಬ ತರುಣ ಎಂಜಿನಿಯರ್ ಅದರಿಂದ ಚಿತ್ರ ಬರೆಯುವ ಯಂತ್ರವನ್ನು ಕಟ್ಟಿಕೊಟ್ಟ.

ಆದರೂ ನಗುವವರು ನಗುತ್ತಲೇ ಇದ್ದರು. ಆ ನಡುವೆ, ಹೊಟ್ಟೆ ಉಬ್ಬಿ ಮೈ ಸೊರಗಿದ ಒಬ್ಬ ಹೆಂಗಸನ್ನು ಡೊನಾಲ್ಡ್‌ಗೆ ತೋರಿಸಿದರು. ಜಠರದ ಕ್ಯಾನ್ಸರ್, ಕೈಮೀರಿದೆ ಎಂದು ಶಸ್ತ್ರವೈದ್ಯರು ಆಸೆ ಬಿಟ್ಟಿದ್ದರು. ಯಂತ್ರ ತೋರಿಸಿದ್ದು ದೊಡ್ಡದೊಂದು ನೀರುಗಡ್ಡೆಯನ್ನು. ಕೊಯ್ದು ನೋಡಿದರೆ ಅಂಡಾಶಯದ ನಿರಪಾಯಕಾರಿ ಗಡ್ಡೆ. ತೆಗೆದರು, ಆಕೆ ಬದುಕಿದಳು. 1958ರ ಜೂನ್‌ನಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಈ ಸಂಶೋಧನೆಯನ್ನು ಪ್ರಕಟಿಸಿತು.

ಕ್ರಮೇಣ ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್ ಯಂತ್ರವೂ ಬಂದಿತು. ತಿರುಚಿಕೊಂಡ ಅಂಡಾಶಯದಲ್ಲಿ ಹರಿವು ನಿಂತಿರಬೇಕಷ್ಟೆ? ಸದಾ ಹಾಗಾಗುವುದಿಲ್ಲ. ಅಂಡಾಶಯಕ್ಕೆ ರಕ್ತ ಎರಡು ದಾರಿಗಳಿಂದ ಬರುತ್ತದೆ. ಗಂಟು ಬಿಗಿದಿದ್ದರೂ ಪರದೆಯ ಮೇಲೆ ಬಣ್ಣ ಮಿನುಗಬಹುದು. ಆದುದರಿಂದ ಚಿತ್ರ ನಿರಾಳವಾಗಿದ್ದೂ ನೋವು ತಗ್ಗದಿದ್ದರೆ, ಬಲ್ಲ ವೈದ್ಯರು ರೋಗಿಯ ಮಾತನ್ನೇ ನಂಬಿ, ಸಣ್ಣ ರಂಧ್ರದ ಮೂಲಕ ದರ್ಶಕವನ್ನು ಇಳಿಸಿ ನೋಡುತ್ತಾರೆ. ತಿರುಚು ಬಿಡಿಸಿದಾಗ, ಕಪ್ಪಿಟ್ಟು ಸತ್ತಂತೆ ಕಾಣುತ್ತಿದ್ದ ಅಂಡಾಶಯವೂ ಎಷ್ಟೋ ಸಲ ಚೇತರಿಸಿಕೊಳ್ಳುತ್ತದೆ.