ಹುಳದಿಂದ ಹಸುಗೂಸಿನವರೆಗೆ: ಒಂದು ಫಿಟ್ಸ್ ಕಾಯಿಲೆಯ ಚರಿತ್ರೆ

ಹಸುಗೂಸಿಗೆ ಫಿಟ್ಸ್ ಬಂದರೆ ನಮ್ಮ ಹಳ್ಳಿಗಳಲ್ಲಿ ಮಾತು ಮೊದಲು ತಾಯಿಯ ಮೇಲೆ ಬರುತ್ತದೆ. ಗ್ರಹಣದ ದಿನ ಹೊರಗೆ ಬಂದಳು, ತವರಿನ ಕಡೆ ದೋಷವಿದೆ ಎನ್ನುತ್ತಾರೆ. ಅಂಥ ಒಂದು ಕಾಯಿಲೆಯ ಕಾರಣ ಹೇಗೆ ಸಿಕ್ಕಿತು ಎಂಬುದನ್ನು ನಾವಿಲ್ಲಿ ಹೇಳುತ್ತೇವೆ.

1976ರಲ್ಲಿ ಜಪಾನಿನ ಒಕಯಾಮಾದ ವೈದ್ಯ ಶುನ್ಸುಕೆ ಒಟಹಾರಾ ಒಂದು ತೀವ್ರ ಮೂರ್ಛೆರೋಗವನ್ನು ಗುರುತಿಸಿದರು. ಹುಟ್ಟಿದ ಕೆಲವೇ ದಿನ ಅಥವಾ ವಾರಗಳಲ್ಲಿ ಮಗುವಿನ ಮೈ ಪದೇ ಪದೇ ಸೆಟೆದುಕೊಳ್ಳುತ್ತದೆ. ತಲೆಗೆ ತಂತಿ ಅಂಟಿಸಿ ತೆಗೆಯುವ ಇಇಜಿಯಲ್ಲಿ ಅಲೆಗಳು ಜೋರಾಗಿ ಎದ್ದು, ಸುಮ್ಮನಾಗಿ, ಮತ್ತೆ ಏಳುತ್ತವೆ. ಇದಕ್ಕೆ ಒಟಹಾರಾ ಸಿಂಡ್ರೋಮ್ ಎಂದೇ ಹೆಸರಾಯಿತು. ಆದರೆ ಎಷ್ಟೋ ಮಕ್ಕಳಲ್ಲಿ ಕಾರಣ ತಿಳಿಯಲಿಲ್ಲ.

ಸುಳಿವು ಇದ್ದದ್ದು ಒಂದು ಹುಳದಲ್ಲಿ. 1974ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಸಿಡ್ನಿ ಬ್ರೆನ್ನರ್, ಒಂದು ಮಿಲಿಮೀಟರ್ ಉದ್ದದ ಹುಳಗಳಲ್ಲಿ ಸರಿಯಾಗಿ ಹರಿದಾಡಲಾರದವನ್ನು ಆರಿಸಿ, ಅವುಗಳ ಕೆಟ್ಟ ಜೀನ್‌ಗಳನ್ನು ಪಟ್ಟಿ ಮಾಡಿದ್ದರು. ಅದರಲ್ಲೊಂದು ಅಂಕ್-18. 1993ರಲ್ಲಿ ಅಮೆರಿಕದಲ್ಲಿ ಥಾಮಸ್ ಸುಡಾಫ್ ಅವರ ತಂಡ ಅದನ್ನೇ ಹೋಲುವ ಪ್ರೋಟೀನನ್ನು ಇಲಿಯ ಮಿದುಳಿನಲ್ಲಿ ಕಂಡಿತು.

ಎರಡು ನರಕೋಶಗಳು ಸಂಧಿಸುವ ಜಾಗ ಸಿನಾಪ್ಸ್. ಅಲ್ಲಿ ಒಂದು ಕೋಶ ರಾಸಾಯನಿಕ ತುಂಬಿದ ಪುಟ್ಟ ಚೀಲಗಳನ್ನು ತೆರೆದು ಇನ್ನೊಂದಕ್ಕೆ ಸುದ್ದಿ ಕೊಡುತ್ತದೆ. ಚೀಲ ತೆರೆಯಲು ಈ ಪ್ರೋಟೀನು ಬೇಕೇ ಬೇಕು. ಇದು ಪೂರ್ತಿ ಇಲ್ಲದ ಇಲಿಮರಿಗಳಲ್ಲಿ ಮಿದುಳು ರೂಪುಗೊಂಡರೂ ಸುದ್ದಿ ದಾಟುವುದಿಲ್ಲ ಎಂದು 2000ದಲ್ಲಿ ಗೊತ್ತಾಯಿತು.

2008ರಲ್ಲಿ ಎರಡೂ ದಾರಿ ಕೂಡಿದವು. ಜಪಾನಿನ ಯೊಕೊಹಾಮಾದ ಹಿರೊಟೊಮೊ ಸಾಯಿತ್ಸು ಅವರ ತಂಡಕ್ಕೆ, ಒಟಹಾರಾ ಸಿಂಡ್ರೋಮ್ ಇದ್ದ ಹುಡುಗಿಯೊಬ್ಬಳಲ್ಲಿ 9ನೇ ಕ್ರೋಮೋಸೋಮಿನ ಸಣ್ಣ ತುಣುಕು ಇಲ್ಲದಿರುವುದು ಕಂಡಿತು. ಇದೇ ಪ್ರೋಟೀನಿನ ಜೀನ್, ಎಸ್‌ಟಿಎಕ್ಸ್‌ಬಿಪಿ1, ಆ ತುಣುಕಿನಲ್ಲಿತ್ತು. ಇನ್ನೂ ನಾಲ್ವರಲ್ಲಿ ಅದೇ ಜೀನ್‌ನಲ್ಲಿ ಒಂದಕ್ಷರದ ತಪ್ಪು ಸಿಕ್ಕಿತು. ನಮ್ಮೆಲ್ಲರಲ್ಲೂ ಈ ಜೀನ್‌ಗೆ ಎರಡು ಪ್ರತಿ. ಒಂದು ಕೆಟ್ಟರೂ ಸಾಕು, ಕಾಯಿಲೆ ಬರುತ್ತದೆ.

ಮುಖ್ಯ ಮಾತು ಇಲ್ಲಿದೆ. ಈ ಜೀನ್ ಕೆಟ್ಟ ಬಹುಪಾಲು ಮಕ್ಕಳಲ್ಲಿ ಆ ತಪ್ಪು ತಾಯಿಯಿಂದಲೂ ಬಂದಿಲ್ಲ, ತಂದೆಯಿಂದಲೂ ಬಂದಿಲ್ಲ. ಜೀವ ಮೂಡುವ ಹೊತ್ತಿಗೆ ತಾನಾಗಿಯೇ ಆದದ್ದು. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಈ ಮಕ್ಕಳಲ್ಲಿ ಫಿಟ್ಸ್ ಮಾತ್ರವಲ್ಲ, ಮಾತು, ನಡಿಗೆ, ಕಲಿಕೆಯೂ ಹಿಂದುಳಿಯುತ್ತದೆ. ಬುಡದಿಂದ ವಾಸಿಮಾಡುವ ಮದ್ದಿಗೆ ಹುಡುಕಾಟ ನಡೆದಿದೆ. ಫಿಟ್ಸ್ ತಗ್ಗಿಸುವ ಮಾತ್ರೆಗಳು ಈಗಲೇ ಇವೆ. ಎಲ್ಲ ಫಿಟ್ಸೂ ಇದಲ್ಲ. ಯಾವುದೆಂದು ತಿಳಿಯಲು ನರರೋಗ ವೈದ್ಯರ ಬಳಿ ಹೋಗಬೇಕು. ಅಗತ್ಯ ಕಂಡರೆ ಅವರೇ ಜೀನ್ ಪರೀಕ್ಷೆ ಬರೆದುಕೊಡುತ್ತಾರೆ. ಆ ದಾರಿಯಲ್ಲಿ ತಾಯಿಗೆ ಬೇಕಿರುವುದು ಮನೆಯವರ ಜೊತೆ, ಬೈಗುಳವಲ್ಲ.